ರಜೆಯಲ್ಲಿ ನೀರು ಹಾಕುವವರು ಯಾರು?



ಶಾಲಾ ಶಿಕ್ಷಕರೊಬ್ಬರ ನೆನಪಿನಲ್ಲಿ ನಡೆಯುವ ಉಪನ್ಯಾಸ ಇದು. ಇಲ್ಲಿ ಮಾತನಾಡಲು ಇನ್ನೊಬ್ಬ ಶಾಲಾ ಶಿಕ್ಷಕನನ್ನು ಕರೆದಿದ್ದೀರಿ. ಅದಕ್ಕಾಗಿ ನಾನು ಋಣಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿರಿಯೂರಿನ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟೆ. ನಿವೃತ್ತನಾದ ಮೇಲೆ, 2018ರಲ್ಲಿ, ಸುಮಾರು ಒಂದು ವರ್ಷ ಕೀನ್ಯಾ ದೇಶದ ಪಶ್ಚಿಮ ಭಾಗದ ಒಂದು ಪ್ರಾಥಮಿಕ ಶಾಲೆಯಲ್ಲಿ ಸ್ವಯಂಸೇವಕನಾಗಿದ್ದೆ. ಶಾಲೆಯ ಕಸ ವಿಂಗಡಿಸಿ ಮರುಬಳಕೆಗೆ ಕಳಿಸುವುದು, ಕೈತೋಟ ಬೆಳೆಸುವುದು, ಇವೆರಡು ನನಗೆ ಒಪ್ಪಿಸಿದ ಕೆಲಸ. ಆ ವರ್ಷದ ಅನುಭವವನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ನಿಮ್ಮೊಂದಿಗೆ ಚರ್ಚಿಸಬೇಕೆಂದಿದ್ದೇನೆ: ಪರದೇಶದ ಶಾಲೆಯೊಂದಕ್ಕೆ ನೆರವಾಗಲು ಹೋದವನು ನಿಜವಾಗಿ ಏನು ಮಾಡಬಲ್ಲ?

ಮೊದಲು ಆ ನೆಲದ ಪರಿಚಯ ಹೇಳುತ್ತೇನೆ. ಆಮೇಲೆ ಕಸದ ಮಾತು, ತೋಟದ ಮಾತು. ಕೊನೆಗೆ ಸ್ವಯಂಸೇವೆ ಎಂಬ ಪದ್ಧತಿಯ ಬಗ್ಗೆಯೇ ಸ್ವಲ್ಪ. ತೋಟದ ಭಾಗ ದೀರ್ಘವಾದೀತು, ಕ್ಷಮಿಸಬೇಕು. ನಾನು ಹೆಚ್ಚು ಕಲಿತದ್ದು ಅಲ್ಲೇ.

ಕೀನ್ಯಾದ ಪಶ್ಚಿಮಕ್ಕೆ ವಿಕ್ಟೋರಿಯಾ ಸರೋವರ. ಅದರ ದಡದಲ್ಲಿ ಕಿಸುಮು ನಗರ. 1901ರಲ್ಲಿ ಮೊಂಬಾಸಾದಿಂದ ಹೊರಟ ರೈಲುಹಳಿ ಅಲ್ಲಿಗೆ ಬಂದು ಮುಟ್ಟಿತು. ಆ ಹಳಿ ಹಾಕಲು ನಮ್ಮ ಉಪಖಂಡದಿಂದ, ಅದರಲ್ಲೂ ಪಂಜಾಬಿನಿಂದ, ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ಇವತ್ತಿಗೂ ಕಿಸುಮುವಿನ ಪೇಟೆಯಲ್ಲಿ ಗುಜರಾತಿ ಅಂಗಡಿಗಳಿವೆ. ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ 'ದುಕಾ' ಎಂದೇ ಹೇಳುತ್ತಾರೆ. ನಗರದಿಂದ ಪೂರ್ವಕ್ಕೆ ಹೊರಟರೆ ಕಾನೋ ಬಯಲು. ನ್ಯಾಂಡೋ ನದಿ ಹರಿದು ಸರೋವರ ಸೇರುವ ತಗ್ಗು ಪ್ರದೇಶ ಅದು. ಅಲ್ಲಿಯ ಜನ ಲುವೋ ಭಾಷಿಕರು. ನೀರಾವರಿ ಇರುವಲ್ಲಿ ಭತ್ತ, ಉಳಿದೆಡೆ ಮೆಕ್ಕೆಜೋಳ, ಬಿಳಿಜೋಳ.

ಮೊದಲ ದಿನ ಶಾಲೆಯ ಅಂಗಳದಲ್ಲಿ ಬಗ್ಗಿ ಒಂದು ಹೆಂಟೆ ಎತ್ತಿಕೊಂಡೆ. ಕಪ್ಪು ಮಣ್ಣು. ಒಣಗಿದಾಗ ಅಂಗೈ ಹೋಗುವಷ್ಟು ಬಿರುಕು, ನೆನೆದರೆ ಕಾಲು ಕೀಳಲಾಗದ ಜಿಗುಟು. ನಮ್ಮ ಹಿರಿಯೂರಿನ ಎರೆ ಹೊಲದ್ದೇ ಗುಣ. ಬೆಳಗಿನ ಬಿಡುವಿನಲ್ಲಿ ಮಕ್ಕಳಿಗೆ ಕೊಟ್ಟ ಗಂಜಿಯನ್ನು ನನಗೂ ಒಂದು ಲೋಟ ಕೊಟ್ಟರು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ರಾಗಿ! ಸ್ವಾಹಿಲಿಯಲ್ಲಿ ಅದರ ಹೆಸರು 'ವಿಂಬಿ', ಗಂಜಿಗೆ 'ಉಜಿ'. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಹೇಳುವುದು ಬೇರೆ, ಆ ತವರಿನ ಅಂಗಳದಲ್ಲಿ ನಿಂತು ಕುಡಿಯುವುದು ಬೇರೆ. ಇವರಿಗೆ ಕೃಷಿ ಕಲಿಸಲು ಬಂದಿದ್ದೇನೆಂಬ ನನ್ನ ಭಾವನೆ ಆ ಒಂದು ಲೋಟದಲ್ಲೇ ಅರ್ಧ ಕರಗಿತು.

ಉಳಿದರ್ಧವನ್ನು ಕರಗಿಸಿದವರು ಮುಖ್ಯೋಪಾಧ್ಯಾಯಿನಿ. ನನ್ನ ಯೋಜನೆಯ ಕಾಗದಗಳನ್ನು ಪೂರ್ತಿ ಓದಿ, ಮಡಿಸಿಟ್ಟು, ಕೇಳಿದರು: "ಮ್ವಾಲಿಮು, ಎಲ್ಲ ಚೆನ್ನಾಗಿದೆ. ಆಗಸ್ಟ್ ರಜೆಯಲ್ಲಿ ನೀರು ಹಾಕುವವರು ಯಾರು?" ಮ್ವಾಲಿಮು ಎಂದರೆ ಮೇಷ್ಟ್ರು. ಅಲ್ಲಿ ಶಾಲೆ ಜನವರಿಯಲ್ಲಿ ಆರಂಭ, ವರ್ಷಕ್ಕೆ ಮೂರು ಅವಧಿ. ಏಪ್ರಿಲ್‌ನಲ್ಲಿ ಒಂದು ರಜೆ, ಆಗಸ್ಟ್‌ನಲ್ಲಿ ಒಂದು, ಅಕ್ಟೋಬರ್ ಕೊನೆಯಿಂದ ಹೊಸ ವರ್ಷದವರೆಗೆ ದೊಡ್ಡದೊಂದು. ನನ್ನ ಕಾಗದಗಳಲ್ಲಿ ಗೊಬ್ಬರದ ಲೆಕ್ಕವಿತ್ತು, ಸಸಿಗಳ ಅಂತರವಿತ್ತು, ಮಕ್ಕಳ ತಂಡಗಳಿಗೆ ಹೆಸರೂ ಇತ್ತು. ರಜೆ ಇರಲಿಲ್ಲ. ಅವರು ಹಾಗೆ ಕೇಳಲು ಕಾರಣವಿತ್ತು. ಎರಡು ವರ್ಷದ ಹಿಂದೆ ಬೇರೊಂದು ದೇಶದ ತಂಡ ಎರಡು ವಾರ ಬಂದು ಹಳೆಯ ಟೈರುಗಳಿಗೆ ಬಣ್ಣ ಬಳಿದು ಹೂವಿನ ಪಾತಿ ಮಾಡಿಹೋಗಿತ್ತು. ನಾನು ನೋಡುವಾಗ ಟೈರುಗಳಲ್ಲಿ ಹುಲ್ಲು ಬೆಳೆದಿತ್ತು, ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಸೊಳ್ಳೆ. ಮಲೇರಿಯಾ ಬಿಟ್ಟೂಬಿಡದೆ ಕಾಡುವ ಸೀಮೆ ಅದು.

ಈಗ ಕಸದ ವಿಷಯಕ್ಕೆ ಬರುತ್ತೇನೆ.

ನಾನು ಹೋಗುವ ಕೆಲವೇ ತಿಂಗಳ ಮುಂಚೆ, 2017ರ ಆಗಸ್ಟ್ 28ರಂದು, ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ ಜಾರಿಗೆ ಬಂದಿತ್ತು. ತಯಾರಿಸಿದರೆ, ಮಾರಿದರೆ, ಬಳಸಿದರೆ ನಾಲ್ಕು ವರ್ಷದವರೆಗೆ ಸೆರೆ ಅಥವಾ ನಲವತ್ತು ಲಕ್ಷ ಶಿಲ್ಲಿಂಗಿನವರೆಗೆ ದಂಡ. ಜಗತ್ತಿನಲ್ಲೇ ಅತಿ ಕಠಿಣವಾದ ಕಾನೂನುಗಳಲ್ಲಿ ಅದೂ ಒಂದೆಂದು ಹೆಸರಾಯಿತು. ನಮ್ಮ ಕರ್ನಾಟಕದಲ್ಲಿ 2016ರಲ್ಲೇ ನಿಷೇಧದ ಆದೇಶ ಬಂದಿತ್ತು. ನಮ್ಮ ಸಂತೆಗಳಲ್ಲಿ ಅದರ ಗತಿ ಏನಾಯಿತೆಂದು ನಿಮಗೆ ಗೊತ್ತು. ಕಿಸುಮುವಿನ ಮಾರುಕಟ್ಟೆಯಲ್ಲಿ ಮಾತ್ರ ಟೊಮೇಟೊ ಮಾರುವವಳು ನಿಜವಾಗಿಯೂ ಬಟ್ಟೆ ಚೀಲ ತಂದಿದ್ದೀರಾ ಎಂದು ಕೇಳುತ್ತಿದ್ದಳು. ಆದರೆ ಕಾರ್ಖಾನೆಯಲ್ಲೇ ಸರಕಿಗೆ ಸುತ್ತಿಬರುವ ಪ್ಲಾಸ್ಟಿಕ್ಕಿಗೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು. ಬ್ರೆಡ್ಡಿನ ಹೊದಿಕೆ, ಬಿಸ್ಕತ್ತಿನ ಜರಿಕಾಗದ, ಸೋಪಿನ ಪುಡಿಯ ಚಿಕ್ಕ ಪೊಟ್ಟಣ, ಇವೆಲ್ಲ ಶಾಲೆಗೆ ಬರುತ್ತಲೇ ಇದ್ದವು.

ಮೊದಲ ವಾರ ಮಕ್ಕಳೊಂದಿಗೆ ಕಸದ ಗುಂಡಿಯನ್ನು ಬಿಡಿಸಿ ನೋಡಿದೆವು. ಮರುಬಳಕೆ ಎಂದರೇನೆಂದು ಇವರಿಗೆ ತಿಳಿಸಬೇಕೆಂದು ಪಾಠ ಸಿದ್ಧಮಾಡಿಕೊಂಡಿದ್ದೆ. ಗುಂಡಿಯಲ್ಲಿ ತಗಡಿನ ಡಬ್ಬ ಒಂದೂ ಇಲ್ಲ. ಕಿಂಬೊ ಎಂಬ ಅಡುಗೆ ಕೊಬ್ಬಿನ ಡಬ್ಬ ಅಲ್ಲಿ ನಮ್ಮ ಡಾಲ್ಡಾ ಡಬ್ಬದ ಹಾಗೆ ಮನೆಮಾತು. ಖಾಲಿಯಾದ ಮೇಲೆ ಅದು ಅಳತೆಯ ಪಾತ್ರೆ, ಆಮೇಲೆ ಸೀಮೆಎಣ್ಣೆ ಬುಡ್ಡಿ. ಹರಿದ ಟೈರು 'ಅಕಾಲಾ' ಎಂಬ ಚಪ್ಪಲಿಯಾಗುತ್ತದೆ. ಬರೆದು ಮುಗಿದ ನೋಟುಪುಸ್ತಕ ಶೇಂಗಾ ಪೊಟ್ಟಣವಾಗುತ್ತದೆ. ಬಿಸಿಲಿನಲ್ಲೇ ಕೂತು ಗುಜರಿ ತಗಡಿನಿಂದ ಒಲೆ, ಪೆಟ್ಟಿಗೆ, ದೀಪ ಬಡಿಯುವ ಕುಶಲಕರ್ಮಿಗಳನ್ನು 'ಜುವಾ ಕಾಲಿ' ಎನ್ನುತ್ತಾರೆ. ಆ ಮಾತಿನ ಅರ್ಥವೇ ಸುಡುಬಿಸಿಲು. ಮರುಬಳಕೆಯ ವಿದ್ಯೆ ಆ ಊರಿಗೆ ಚೆನ್ನಾಗಿ ಗೊತ್ತಿತ್ತು. ಗುಂಡಿಯಲ್ಲಿ ಉಳಿದಿದ್ದದ್ದು ಯಾರ ಕೈಗೂ ಉಪಯೋಗಕ್ಕೆ ಬಾರದ್ದು, ಯಾರೂ ಕೊಳ್ಳದ್ದು: ಆ ಹೊದಿಕೆಗಳು, ಆ ಪೊಟ್ಟಣಗಳು, ಶಾಯಿ ಮುಗಿದ ಪೆನ್ನುಗಳು. ಅವಕ್ಕೆ ವಾರಕ್ಕೊಮ್ಮೆ ಬೆಂಕಿ ಹಚ್ಚುತ್ತಿದ್ದರು. ಹೊಗೆ ನೇರವಾಗಿ ಮೂರನೆಯ ತರಗತಿಯ ಕಿಟಕಿಗೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಡ ಊರಿನ ಕಸವನ್ನು ನೋಡಿ ಅಲ್ಲಿಯವರಿಗೆ ಶಿಸ್ತಿಲ್ಲ ಎನ್ನುವುದು ಅನ್ಯಾಯ. ಅಂತ್ಯವೇನೆಂದು ಯೋಚಿಸದೆ ವಸ್ತುವನ್ನು ತಯಾರಿಸಿ ಮಾರಿದವರ ತಪ್ಪನ್ನು ಎಂಟು ವರ್ಷದ ಮಗುವಿನ ತಲೆಗೆ ಕಟ್ಟಿದಂತೆ ಅದು. 2022ರಲ್ಲಿ ಕೀನ್ಯಾ ತಂದ ಸುಸ್ಥಿರ ತ್ಯಾಜ್ಯ ನಿರ್ವಹಣಾ ಕಾಯ್ದೆ ತಯಾರಕರನ್ನೂ ಹೊಣೆಗಾರರನ್ನಾಗಿ ಮಾಡಿದೆ. ನಾನು ಅಲ್ಲಿದ್ದಾಗ ಅದು ಇರಲಿಲ್ಲ. ನಾವು ಮಾಡಲು ಸಾಧ್ಯವಾದದ್ದು ಇಷ್ಟು: ನೀರಿನ ಬಾಟಲಿಗಳನ್ನು ಕೂಡಿಟ್ಟು ತೂಕಕ್ಕೆ ಮಾರಿದೆವು. ಕೊಳ್ಳುವವರಿಲ್ಲದ ಹೊದಿಕೆಗಳನ್ನು ತೊಳೆದು, ಒಣಗಿಸಿ, ಬಾಟಲಿಯೊಳಗೆ ಕಡ್ಡಿಯಿಂದ ಗಿಡಿದು ಇಟ್ಟಿಗೆಯಂತೆ ಗಟ್ಟಿ ಮಾಡಿದೆವು. ಇದಕ್ಕೊಂದು ಅಳತೆಯಿದೆ: ಅರ್ಧ ಲೀಟರಿನ ಬಾಟಲಿ ಕನಿಷ್ಠ ನೂರ ಅರವತ್ತೈದು ಗ್ರಾಂ ತೂಗಬೇಕು, ಇಲ್ಲವಾದರೆ ಒತ್ತಿದಾಗ ನಜ್ಜಾಗುತ್ತದೆ. ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಸೀಳುವುದರಿಂದ ಮಣ್ಣು ಮೆತ್ತಿ ಮುಚ್ಚಬೇಕು. ಮರದ ಕೆಳಗೆ ಒಂದು ಜಗಲಿ ಕಟ್ಟಿದೆವು. ಇದು ಪರಿಹಾರ ಎಂದು ನಾನು ಹೇಳಲಾರೆ, ಕಸವನ್ನು ಮುಂದಿನವರ ಕಾಲಕ್ಕೆ ಕಟ್ಟಿಟ್ಟದ್ದು ಅಷ್ಟೇ. ಆದರೆ ಆ ವರ್ಷ ಜೂನ್‌ನಿಂದಾಚೆಗೆ ಮೂರನೆಯ ತರಗತಿಯ ಕಿಟಕಿಗೆ ಹೊಗೆ ಬರಲಿಲ್ಲ.

ಅದೇ 2018ರಲ್ಲಿ ಕೀನ್ಯಾದ ಇನ್ನೊಂದು ತುದಿಯಲ್ಲಿ, ಹಿಂದೂ ಮಹಾಸಾಗರದ ಲಾಮು ದ್ವೀಪದಲ್ಲಿ, ಒಂದು ದೋಣಿ ನೀರಿಗಿಳಿಯಿತು. ಹೆಸರು 'ಫ್ಲಿಪ್‌ಫ್ಲಾಪಿ'. ತೀರಕ್ಕೆ ಬಂದುಬಿದ್ದ ಹತ್ತು ಟನ್ನಿನಷ್ಟು ಪ್ಲಾಸ್ಟಿಕ್ ಕರಗಿಸಿ, ಹಲಗೆ ಮಾಡಿ, ಮೈಗೆಲ್ಲ ಸುಮಾರು ಮೂವತ್ತು ಸಾವಿರ ಹಳೆಯ ಹವಾಯಿ ಚಪ್ಪಲಿಗಳನ್ನು ಹೊದಿಸಿ ಕಟ್ಟಿದ್ದು. ಕಟ್ಟಿದವರು ಅಲಿ ಸ್ಕಾಂಡಾ ಮತ್ತು ಅವರ ಸಂಗಡಿಗರು. ಪರಂಪರೆಯ ಧೌ ಹಡಗು ಕಟ್ಟುವ ಲಾಮುವಿನ ಬಡಗಿಗಳು. 2019ರಲ್ಲಿ ಅದು ಜಾಂಜಿಬಾರಿನವರೆಗೆ ಸಾಗಿತು. ಊರ ಬಡಗಿಯ ಕೈಗೆ ಹೊಸ ಸಾಮಗ್ರಿ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಇನ್ನು ತೋಟ.

ಮಾರ್ಚ್‌ನಲ್ಲಿ ದೊಡ್ಡ ಮಳೆಗಾಲ ಆರಂಭವಾಗುವುದಕ್ಕೆ ಮುಂಚೆ ನಾನು ನಮ್ಮೂರ ಕ್ರಮದಂತೆ ಸಮತಟ್ಟಾದ ಮಡಿಗಳನ್ನು ಮಾಡಿಸಿದೆ. ನೀರು ನಿಲ್ಲಲಿ ಎಂದು ಸುತ್ತ ಬದು. ಮಳೆ ಕಡಿಮೆ ಬೀಳುವ ನಾಡಿನವನ ಬುದ್ಧಿ, ನೀರು ಹಿಡಿಯುವ ಯೋಚನೆಯೇ ಮೊದಲು. ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ ತಾಯಿಯೊಬ್ಬರು ಬಂದು ನೋಡಿ ತಲೆಯಾಡಿಸಿ ಹೋದರು. ಮರ್ಯಾದೆಗೆ ಏನೂ ಅನ್ನಲಿಲ್ಲ. 2018ರ ಮಾರ್ಚ್‌ನಿಂದ ಮೇವರೆಗೆ ಕೀನ್ಯಾದಲ್ಲಿ ಸುರಿದ ಮಳೆ ದೇಶದುದ್ದಕ್ಕೂ ಪ್ರವಾಹ ತಂದ ಮಳೆ. ಕಾನೋ ಬಯಲಿನಲ್ಲಿ ಹೊಲಗಳೆಲ್ಲ ಕೆರೆಯಾದವು. ನನ್ನ ಮಡಿಗಳ ಸಸಿಗಳು ಒಂದು ವಾರ ನೀರಡಿ ನಿಂತು ಬೇರುಸಹಿತ ಕೊಳೆತವು.

ನೀರಿಳಿದ ಮೇಲೆ ನಾನು ಅಡುಗೆಮನೆಯ ಆ ತಾಯಿಯ ಮನೆಗೆ ಹೋಗಿ, ನೀವು ಹೇಗೆ ಬೆಳೆಯುತ್ತೀರಿ, ತೋರಿಸಿ ಎಂದು ಕೇಳಿದೆ. ಅವರ ಹಿತ್ತಲಿನಲ್ಲಿ ಎತ್ತರದ ದಿಂಡಿನ ಮೇಲೆ ಸೊಪ್ಪು, ಗೋಡೆಯ ಪಕ್ಕದಲ್ಲಿ ನಾಲ್ಕು ಗೋಣಿಚೀಲ. ಚೀಲದ ತೋಟವನ್ನು ಕೀನ್ಯಾದಲ್ಲಿ ಎಲ್ಲೆಡೆ ಕಾಣಬಹುದು. ನೈರೋಬಿಯ ಕಿಬೇರಾದಂಥ ಇಕ್ಕಟ್ಟಿನ ಬಡಾವಣೆಗಳಲ್ಲಂತೂ ಮನೆಬಾಗಿಲಿಗೇ ಇರುತ್ತದೆ. ಮಾಡುವ ಬಗೆ ಇದು. ಎರಡೂ ಕಡೆ ತೆರೆದ ಕಿಂಬೊ ಡಬ್ಬವನ್ನು ಚೀಲದ ನಟ್ಟನಡುವೆ ಇಟ್ಟು ಅದರೊಳಗೆ ಬೆಣಚುಕಲ್ಲು ತುಂಬಬೇಕು, ಸುತ್ತ ಗೊಬ್ಬರ ಬೆರೆಸಿದ ಮಣ್ಣು. ಡಬ್ಬ ತುಂಬಿದಾಗ ಮೇಲಕ್ಕೆಳೆದು ಮತ್ತೆ ಕಲ್ಲು, ಮತ್ತೆ ಮಣ್ಣು. ಹೀಗೆ ಚೀಲದ ಬಾಯಿಯವರೆಗೆ. ನಡುವೆ ಕಲ್ಲಿನ ಕಂಬವೊಂದು ಉಳಿಯುತ್ತದೆ. ಮೇಲಿಂದ ಸುರಿದ ಪಾತ್ರೆ ತೊಳೆದ ನೀರು ಆ ಕಂಬದ ಮೂಲಕ ಇಳಿದು ಎಲ್ಲ ಮಟ್ಟಕ್ಕೂ ಹಬ್ಬುತ್ತದೆ. ಚೀಲದ ಮೈಗೆ ತೂತು ಮಾಡಿ ಸುತ್ತಲೂ ಸಸಿ ನೆಡುತ್ತಾರೆ. ಬಹುಪಾಲು 'ಸುಕುಮಾ ವಿಕಿ', ಕೋಸಿನ ಜಾತಿಯ ದಪ್ಪೆಲೆಯ ಸೊಪ್ಪು. ಆ ಹೆಸರಿಗೆ 'ವಾರವನ್ನು ದೂಡು' ಎಂಬ ಅರ್ಥ. ಕೈಯಲ್ಲಿ ಕಾಸಿಲ್ಲದ ದಿನಗಳನ್ನು ದೂಡಿಸುವ ಸೊಪ್ಪು.

ಇಷ್ಟೇ ಅಲ್ಲ. ಅವರ ದಿಂಡಿನ ಮೇಲಿದ್ದ ಒಂದು ಗಿಡ ನೋಡಿ ನಾನು ಬೆರಗಾದೆ. ನಮ್ಮ ಗಣಿಕೆ ಸೊಪ್ಪು! ಲುವೋ ಭಾಷೆಯಲ್ಲಿ 'ಒಸುಗಾ', ಸ್ವಾಹಿಲಿಯಲ್ಲಿ 'ಮ್ನಾವು'. ಪಕ್ಕದಲ್ಲಿ ದಂಟು, ಆಚೆ ಅಲಸಂದೆ. ಅಲಸಂದೆಯ ಕಾಯಿಗಿಂತ ಎಲೆಯೇ ಅವರಿಗೆ ಮುಖ್ಯ. ನನ್ನ ಯೋಜನೆಯಲ್ಲಿದ್ದದ್ದು ಹೂಕೋಸು, ಕ್ಯಾರೆಟ್. ಇಂಥ ನಾಟಿ ಸೊಪ್ಪುಗಳನ್ನು ಕೀನ್ಯಾದಲ್ಲೂ ಬಹುಕಾಲ ಬಡವರ ಆಹಾರ, ಕಳೆ ಎಂದು ಕೀಳಾಗಿ ಕಂಡಿದ್ದರು. ಆ ದೃಷ್ಟಿ ಬದಲಾಗಲು ದುಡಿದವರಲ್ಲಿ ಮುಖ್ಯರು ಮೇರಿ ಅಬುಕುಟ್ಸಾ-ಒನ್ಯಾಂಗೊ. ಜೋಮೊ ಕೆನ್ಯಾಟ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕಿ. ಬಾಲ್ಯದಲ್ಲಿ ಅವರಿಗೆ ಹಾಲು, ಮೊಟ್ಟೆ, ಮಾಂಸ ಒಗ್ಗುತ್ತಿರಲಿಲ್ಲ. ಪಶ್ಚಿಮ ಕೀನ್ಯಾದ ಈ ಸೊಪ್ಪುಗಳನ್ನು ಉಂಡೇ ಬೆಳೆದರು. ದೊಡ್ಡವರಾಗಿ ಅವುಗಳ ಬೀಜ, ಬೇಸಾಯ, ಪೋಷಕಾಂಶ ಎಲ್ಲವನ್ನೂ ಅಭ್ಯಾಸ ಮಾಡಿ, ಹೋಟೆಲು, ಅಂಗಡಿಗಳಿಗೂ ಅವು ಮರಳುವಂತೆ ಮಾಡಿದರು. ನಮ್ಮ ಹಳ್ಳಿಗಳ ಬೆರಕೆ ಸೊಪ್ಪಿನ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ಜೀವಮಾನದ ಕೆಲಸ ಇನ್ನಷ್ಟು ಆಗಬೇಕು ಎಂಬುದು ನನ್ನ ಆಸೆ.

ಗೊಬ್ಬರದ ವಿಷಯದಲ್ಲೂ ನಾನು ಎಡವುತ್ತಿದ್ದೆ. ಸರೋವರದ ಆ ಭಾಗವನ್ನು ನೇರಳೆ ಹೂವಿನ ತೇಲುಕಳೆ ಮುಚ್ಚಿಬಿಟ್ಟಿದೆ, ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಹಬ್ಬುವುದೂ ಅದೇ. ಅದನ್ನು ಕತ್ತರಿಸಿ, ಬಾಡಿಸಿ, ಸಗಣಿಯೊಂದಿಗೆ ಕೊಳೆಸಿದರೆ ಒಳ್ಳೆಯ ಗೊಬ್ಬರ. ದೊಡ್ಡ ಮಕ್ಕಳನ್ನು ಕರೆದುಕೊಂಡು ದಡಕ್ಕೆ ಹೊರಡುವವನಿದ್ದೆ. ಕಿರಿಯ ಶಿಕ್ಷಕರೊಬ್ಬರು ಗೇಟಿನಲ್ಲೇ ತಡೆದರು. ವಿಕ್ಟೋರಿಯಾ ಸರೋವರದ ಅಂಚಿನ ನೀರಿನಲ್ಲಿ ಬಿಲ್‌ಹಾರ್ಜಿಯಾ ರೋಗದ ಹುಳುವಿದೆ. ಅದನ್ನು ಹೊತ್ತ ಬಸವನಹುಳುವಿನ ವಾಸ ಆ ಕಳೆಯ ಬೇರಿನಲ್ಲೇ. ನೀರಿಗಿಳಿದವರ ಚರ್ಮದೊಳಗೆ ಹುಳು ಹೊಕ್ಕರೆ ಕರುಳು, ಯಕೃತ್ತು ಕೆಡುತ್ತದೆ. ನನ್ನ ಒಂದು ಗಂಟೆಯ ಉತ್ಸಾಹಕ್ಕೆ ಇಪ್ಪತ್ತು ಮಕ್ಕಳ ಆರೋಗ್ಯ ಬಲಿಯಾಗುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೊಬ್ಬರಕ್ಕೆ ಬೇಕಾದದ್ದು ಹತ್ತಿರದಲ್ಲೇ ಇತ್ತು, ಗಿರಣಿಯ ಭತ್ತದ ಹೊಟ್ಟು ಮತ್ತು ಹಟ್ಟಿಯ ಸಗಣಿ.

ಇನ್ನು ಮುಖ್ಯೋಪಾಧ್ಯಾಯಿನಿಯವರ ಆ ಮೊದಲ ಪ್ರಶ್ನೆ, ರಜೆಯಲ್ಲಿ ನೀರು ಹಾಕುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದ್ದು ಜುಲೈನಲ್ಲಿ, ತಾಯಂದಿರ ಸಭೆಯಲ್ಲಿ. ಸಿಕ್ಕಿದ್ದು ನನಗಲ್ಲ, ಅವರಿಗೆ. ಶಾಲೆಯ ಆಸುಪಾಸಿನ ಹನ್ನೊಂದು ಮನೆಗಳಿಗೆ, ಆ ತಾಯಿಯ ಕ್ರಮದಂತೆ ಶಾಲೆಯಲ್ಲೂ ಮಾಡಿದ್ದ ದಿಂಡುಗಳನ್ನೂ ಚೀಲಗಳನ್ನೂ ಹಂಚಿಕೊಟ್ಟರು. ರಜೆಯಲ್ಲಿ ನೀರು ಹಾಕಿದವರ ಮನೆಗೆ ಆ ರಜೆಯ ಸೊಪ್ಪು. ಶಾಲೆ ತೆರೆದ ದಿನ ಗಿಡ ಬದುಕಿದ್ದರೆ ಮುಂದಿನ ರಜೆಗೂ ಅವರದ್ದೇ ಹಕ್ಕು. ಆಗಸ್ಟ್ ಕೊನೆಯಲ್ಲಿ ಬಾಗಿಲು ತೆರೆದಾಗ ಎರಡು ಚೀಲ ಒಣಗಿದ್ದವು. ಉಳಿದವೆಲ್ಲ ಹಸಿರು.

ಇದೇ ತತ್ವವನ್ನು ಆ ದೇಶದಲ್ಲಿ ಅದಕ್ಕೂ ನಾಲ್ಕು ದಶಕದ ಹಿಂದೆಯೇ ಒಬ್ಬ ಮಹಾತಾಯಿ ಕಂಡುಕೊಂಡಿದ್ದರು. ವಂಗಾರಿ ಮಾಥಾಯ್ 1977ರ ಜೂನ್ 5ರಂದು ನೈರೋಬಿಯಲ್ಲಿ ಏಳು ಸಸಿ ನೆಟ್ಟು ಹಸಿರು ಪಟ್ಟಿ ಚಳವಳಿಗೆ ನಾಂದಿ ಹಾಡಿದರು. ಸಸಿ ಬೆಳೆಸಲು ಅರಣ್ಯಶಾಸ್ತ್ರದ ಪದವಿ ಬೇಕೆಂದು ಅಧಿಕಾರಿಗಳು ವಾದಿಸಿದಾಗ ಹಳ್ಳಿಯ ಹೆಂಗಸರ ಕೈಗೇ ಆ ಕೆಲಸ ಕೊಟ್ಟರು. ಅವರಿಗೆ ಚಿಕ್ಕದೊಂದು ಸಂಭಾವನೆ ಸಲ್ಲುತ್ತಿತ್ತು, ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬರುವ ಹೊತ್ತಿಗೆ ಆ ಹೆಂಗಸರು ಮೂರು ಕೋಟಿಗೂ ಹೆಚ್ಚು ಮರ ಬೆಳೆಸಿದ್ದರು. ನೆಟ್ಟದ್ದಕ್ಕೂ ಉಳಿದದ್ದಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ವನಮಹೋತ್ಸವಗಳು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ನಮ್ಮ ರಸ್ತೆಬದಿ ಇವತ್ತು ಬೇರೆಯೇ ಇರುತ್ತಿತ್ತು.

ಕೊನೆಯದಾಗಿ, ಸ್ವಯಂಸೇವೆಯ ಬಗ್ಗೆ. ಬ್ರಿಟನ್ನಿನಲ್ಲಿ ಅಲೆಕ್ ಡಿಕ್ಸನ್ 1958ರಲ್ಲಿ ವಿ.ಎಸ್.ಓ. ಎಂಬ ಸ್ವಯಂಸೇವಾ ಸಂಸ್ಥೆಯನ್ನು ಕಟ್ಟಿದಾಗ ಶಾಲೆ ಮುಗಿಸಿದ ಹುಡುಗರನ್ನು ಪರದೇಶಕ್ಕೆ ಕಳಿಸುತ್ತಿದ್ದರು. ಬರಬರುತ್ತ ಕೆಲಸ ಬಲ್ಲ ಅನುಭವಿಗಳನ್ನೇ ಕಳಿಸುವ ಕ್ರಮ ಬಂತು. 1961ರಲ್ಲಿ ಆರಂಭವಾದ ಅಮೆರಿಕದ ಪೀಸ್ ಕೋರ್ ಎರಡು ವರ್ಷದ ವಾಸವನ್ನೂ ಸ್ಥಳೀಯ ಭಾಷೆಯ ಕಲಿಕೆಯನ್ನೂ ನಿಯಮವಾಗಿಸಿತು. ಇದನ್ನೆಲ್ಲ ಖಂಡತುಂಡವಾಗಿ ಪ್ರಶ್ನಿಸಿದವರು ಚಿಂತಕ ಇವಾನ್ ಇಲಿಚ್. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋಗೆ ಬೇಸಿಗೆ ಸೇವೆಗೆ ಹೊರಡಲಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬರ್ಥದ ಮಾತನ್ನಾಡಿದರು.

ಇಲಿಚರ ಮಾತು ಬಹುಪಾಲು ಸರಿ ಎಂದು ಆ ವರ್ಷ ನನಗೆ ಮನದಟ್ಟಾಯಿತು. ನನ್ನ ವಿಮಾನದ ಟಿಕೇಟಿನ ಹಣ ಆ ಶಾಲೆಯ ಕಾವಲುಗಾರನ ಹಲವು ತಿಂಗಳ ಸಂಬಳ. ಎರಡು ವಾರಕ್ಕೆ ಹೋಗುವವರು ಹೋಗದಿರುವುದೇ ಲೇಸು. ಒಂದು ಮಳೆಗಾಲ, ಒಂದು ರಜೆ, ಒಂದು ಬೇಸಾಯದ ಸೋಲು ಕಾಣದವರಿಗೆ ಆ ಊರು ತೆರೆದುಕೊಳ್ಳುವುದಿಲ್ಲ. ಆದರೂ ನಾನು ಪೂರ್ತಿ ಇಲಿಚರ ಪಕ್ಷವಲ್ಲ. ಹೊರಗಿನವನೊಬ್ಬ ಕೇಳುತ್ತಿದ್ದಾನೆಂಬ ಕಾರಣಕ್ಕೆ ಆ ತಾಯಂದಿರು ತಮಗೆ ಗೊತ್ತಿದ್ದದ್ದನ್ನು ಶಾಲೆಯ ಅಂಗಳದಲ್ಲಿ ಮಕ್ಕಳೆದುರು ಹೇಳಿದರು. ಅಡುಗೆಮನೆಯವರು ಅಂದು ಪಾಠ ಹೇಳಿದರು, ಶಿಕ್ಷಕರು ಬರೆದುಕೊಂಡರು. ಅಷ್ಟರಮಟ್ಟಿಗೆ ನನ್ನ ಹೋಗುವಿಕೆ ವ್ಯರ್ಥವಾಗಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಕೀನ್ಯಾದ ಶಾಲೆಗಳು ಮುಚ್ಚಿದವು. ಪೀಸ್ ಕೋರ್ ಜಗತ್ತಿನಾದ್ಯಂತ ಇದ್ದ ತನ್ನ ಎಲ್ಲ ಸ್ವಯಂಸೇವಕರನ್ನು ಅದೇ ತಿಂಗಳು ವಾಪಸು ಕರೆಸಿಕೊಂಡಿತು. ಹೆಚ್ಚಿನ ತರಗತಿಗಳು ಮತ್ತೆ ತೆರೆದದ್ದು 2021ರ ಜನವರಿಯಲ್ಲಿ. ಆ ವಾರ ಮುಖ್ಯೋಪಾಧ್ಯಾಯಿನಿಯವರಿಗೆ ಫೋನ್ ಮಾಡಿ ತೋಟದ ಸಂಗತಿ ಕೇಳಿದೆ. ಹನ್ನೊಂದರಲ್ಲಿ ಏಳು ಮನೆಗಳವರು ಆ ಹತ್ತು ತಿಂಗಳೂ ನೀರು ಹಾಕಿದ್ದರು. ಬಾಟಲಿ ತೂಗಲೆಂದು ನಾನು ಕೊಟ್ಟುಬಂದಿದ್ದ ತೂಕದ ಯಂತ್ರ ಕೆಟ್ಟಿದೆ ಎಂದೂ ಹೇಳಿದರು.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಕೆಲವರಿಗೆ ಪರದೇಶದಲ್ಲಿ ಸೇವೆ ಮಾಡುವ ಆಸೆಯಿದೆ ಎಂದು ನಿಮ್ಮ ಅಧ್ಯಾಪಕರು ಹೇಳಿದರು. ಹೋಗಿ ಬನ್ನಿ, ಬೇಡವೆನ್ನಲಾರೆ. ಆದರೆ ಟಿಕೇಟು ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನಮ್ಮ ಸರ್ಕಾರಿ ಶಾಲೆಗಳಲ್ಲೂ ಮಕ್ಕಳು ಬೆಳೆಸಿದ ಕೈತೋಟಗಳಿವೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ನೆತ್ತಿ ಸುಡುವ ಬಿಸಿಲು, ನುಗ್ಗೆ ಕರಿಬೇವು ಒಣಗುವ ಕಾಲ. ನಿಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರನ್ನು ಮಾರ್ಚ್‌ನಲ್ಲೇ ಕಂಡು ಗೇಟಿನ ಬೀಗದ ಕೈ ಕೇಳಿ ಪಡೆದುಕೊಳ್ಳಿ. ಈ ಬೇಸಿಗೆ ಆ ತೋಟಕ್ಕೆ ನೀರು ಹಾಕಿ.